ಹಳೆಯ ಪ್ಯಾಕೇಜ್ ತೆಗೆಯಹೋಗಿ ಕೆಟ್ಟ ಲಿನಕ್ಸ್: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಕಳೆದ ತುಲಾ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆಯ ಒಂದು ಕನ್ನಡ ಮಾಧ್ಯಮ ಶಾಲೆಯಿಂದ ಟೀಚರೊಬ್ಬರು ಫೋನು ಮಾಡಿದರು. “ಅಣ್ಣ, ಮಲಯಾಳ ಸರಿ ಕಾಣ್ತದೆ, ಇಂಗ್ಲಿಷ್ ಸರಿ ಕಾಣ್ತದೆ, ಕನ್ನಡ ಮಾತ್ರ ಡಬ್ಬಿ ಡಬ್ಬಿ. ನಾವು ಎಂತದೂ ಮಾಡ್ಲಿಲ್ಲ.”

ಎಂತದೂ ಮಾಡದೆ ಕಂಪ್ಯೂಟರು ಕೆಡುವುದು ಸಿಡಿಲು ಬಡಿದಾಗ ಮಾತ್ರ. ಎರಡು ಪ್ರಶ್ನೆ ಕೇಳಿದ ಮೇಲೆ ವಿಷಯ ಹೊರಬಿತ್ತು. ಡಿಸ್ಕ್ ತುಂಬಿದೆ ಎಂಬ ಎಚ್ಚರಿಕೆ ದಿನಾ ಬರುತ್ತಿತ್ತಂತೆ. ಶಾಲೆಯ ಐಟಿ ಕ್ಲಬ್ ಲಿಟಲ್ ಕೈಟ್ಸ್‌ನ ಇಬ್ಬರು ಹುಡುಗರು ಕೂತು, ಹಳತು, ಬೇಡದ್ದು ಎಂದು ತೋರಿದ್ದನ್ನೆಲ್ಲ ತೆಗೆದು ಹಾಕಿದ್ದರು. ಹುಡುಗರ ತಪ್ಪಲ್ಲ. ಹಳೆಯ ಪ್ಯಾಕೇಜ್, ಎಂದರೆ ತಂತ್ರಾಂಶದ ಕಟ್ಟು, ತೆಗೆಯಬೇಕಾದದ್ದೇ. ಆದರೆ ಯಾವುದು ಹಳತು ಎಂಬುದರಲ್ಲಿ ನಮ್ಮ ಲೆಕ್ಕ ಬೇರೆ, ಯಂತ್ರದ ಲೆಕ್ಕ ಬೇರೆ.

ಇಲ್ಲಿ ಬರೆದಿರುವುದು ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್, ಮತ್ತು ಉಬುಂಟುವಿನ ಮೇಲೆ ಕಟ್ಟಿ ಕೇರಳದ ಶಾಲೆಗಳಿಗೆ ಕೊಟ್ಟಿರುವ ಕೈಟ್ ಗ್ನು/ಲಿನಕ್ಸ್‌ಗೆ ಹೊಂದುತ್ತದೆ. ಫೆಡೋರಾ, ಫ್ರೀಬಿಎಸ್‌ಡಿಯಂಥವುಗಳಲ್ಲಿ ಕಮಾಂಡು ಬೇರೆ, ಸಂಕಟ ಇದೇ.

ಕಮಾಂಡುಗಳನ್ನು ಓದುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್ ಎಂಬ ಕಮಾಂಡು ಕಿಟಕಿಯಲ್ಲಿ ಹೊಡೆಯುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಅಡ್ಡಗೆರೆ, ಓರೆಗೆರೆ, ಚುಕ್ಕಿ ಇದ್ದಲ್ಲಿ ಹಾಗೆಯೇ ಹಾಕಿ. ಸುಡೋ ಎಂದರೆ ಯಜಮಾನನ ಅಧಿಕಾರದಲ್ಲಿ ಮಾಡು ಎಂದರ್ಥ. ಕೆಲವರು ಅದನ್ನು ‘ಸುಡು’ ಎಂದೇ ಓದುತ್ತಾರೆ. ನೋಡದೆ ಒತ್ತಿದರೆ ಆ ಓದೂ ತಪ್ಪಲ್ಲ.

ಕೈ ಹಾಕುವ ಮೊದಲು

ಕರೆಂಟು. ಪ್ಯಾಕೇಜ್ ತೆಗೆಯುವ ಕೆಲಸ ಅರ್ಧಕ್ಕೆ ನಿಂತರೆ, ಇದ್ದ ದೋಷದ ಮೇಲೆ ಇನ್ನೊಂದು ಕೂರುತ್ತದೆ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಸಂಜೆ ಗುಡುಗುವ ದಿನಗಳಲ್ಲಿ ಬೆಳಿಗ್ಗೆ ಹತ್ತಕ್ಕೇ ಈ ಕೆಲಸ ಮುಗಿಸಿ. ಮೋಡ ಕಟ್ಟಿದರೆ ಪ್ಲಗ್ಗನ್ನೂ ನೆಟ್‌ವರ್ಕ್ ಕೇಬಲನ್ನೂ ಎಳೆದಿಟ್ಟು ಮನೆಗೆ ಹೋಗಿ.

ಕಡತಗಳು. ಮಾರ್ಕ್‌ಲಿಸ್ಟು, ಫೋಟೋ, ಲೆಕ್ಕಪತ್ರ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ಆ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ ತೆರೆಯುತ್ತದೋ ನೋಡಿ. ನೋಡದ ಬ್ಯಾಕಪ್ಪು ಲೆಕ್ಕಕ್ಕಿಲ್ಲ.

ಮೂರನೆಯದು, ಒಣ ಪರೀಕ್ಷೆ. ಏನನ್ನೂ ತೆಗೆಯದೆ, ತೆಗೆದರೆ ಏನೇನು ಹೋದೀತು ಎಂದು ಮಾತ್ರ ಹೇಳಿಸುವ ದಾರಿ ಉಂಟು:

ಆಪ್ಟ್ -ಎಸ್ ಆಟೋರಿಮೂವ್

ಇದಕ್ಕೆ ಸುಡೋ ಬೇಡ. ಹೊರಬರುವ ಸಾಲುಗಳಲ್ಲಿ ‘ರೆಮ್‌ವ್’ ಎಂದು ಆರಂಭವಾಗುವುದೆಲ್ಲ ಹೋಗಲಿರುವ ಪ್ಯಾಕೇಜು. ಆ ಹೆಸರುಗಳನ್ನು ಒಂದೊಂದಾಗಿ ಓದಿ. ಇಡೀ ಕೈಪಿಡಿಯಲ್ಲಿ ಒಂದೇ ಒಂದು ಮಾತು ನೆನಪಿಡುವುದಿದ್ದರೆ ಇದನ್ನೇ ಇಟ್ಟುಕೊಳ್ಳಿ.

ಪ್ಯಾಕೇಜು ಹಾಕುವ, ತೆಗೆಯುವ ಪ್ರೋಗ್ರಾಂ ಆಪ್ಟ್. ಇಲ್ಲಿ ಅದರ ಲೆಕ್ಕ ಹೇಗೆಂದು ಹೇಳಿಬಿಡುತ್ತೇನೆ. ಮುಂದಿನ ಅರ್ಧ ಗೋಳಿಗೆ ಇದೇ ಮೂಲ. ಪ್ಯಾಕೇಜುಗಳಲ್ಲಿ ಎರಡು ಬಗೆ. ನೀವು ಹೆಸರು ಹಿಡಿದು ಕರೆಸಿದವು ಒಂದು. ಅವುಗಳಿಗೆ ಬೇಕೆಂದು ತಾವಾಗಿ ಜೊತೆಗೆ ಬಂದವು ಇನ್ನೊಂದು. ಮದುವೆಗೆ ಕಾಗದ ಕೊಟ್ಟು ಕರೆದವರು, ದಿಬ್ಬಣದ ಜೊತೆ ಬಂದವರು ಎಂಬ ಹಾಗೆ. ಮದುಮಗ ಎದ್ದು ಹೋದರೆ ದಿಬ್ಬಣವೂ ಏಳಬೇಕು ಎಂಬುದು ಆಟೋರಿಮೂವ್‌ನ ನಿಯಮ. ದಿಬ್ಬಣದಲ್ಲಿ ಬಂದವರೊಬ್ಬರು ಈಗ ಒಳಗೆ ನಿಮ್ಮ ಊಟಕ್ಕೇ ಬಡಿಸುತ್ತಿದ್ದಾರೆ ಎಂಬುದನ್ನು ಅದು ನೋಡುವುದಿಲ್ಲ. ಹಾಗೆಯೇ, ಹತ್ತು ವರ್ಷದ ಹಿಂದೆ ನೀವೇ ಕರೆದು ಮರೆತವರನ್ನು ಅದು ಮುಟ್ಟುವುದೂ ಇಲ್ಲ.

ಲಕ್ಷಣ: ‘ಡಿಸ್ಕಿನಲ್ಲಿ ಜಾಗ ಕಡಿಮೆ’ ಎಂಬ ಎಚ್ಚರಿಕೆ, ಅಥವಾ ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಪರದೆಗೇ ಮರಳುವುದು

ಎರಡೂ ಒಂದೇ ಕಾಯಿಲೆಯ ಎರಡು ಹಂತ. ಬೇರು ಡಿಸ್ಕು, ಎಂದರೆ ವ್ಯವಸ್ಥೆಯೇ ಕೂತಿರುವ ಭಾಗ, ಪೂರ್ತಿ ತುಂಬಿದಾಗ ಡೆಸ್ಕ್‌ಟಾಪಿಗೆ ತನ್ನ ಸಣ್ಣಪುಟ್ಟ ಕಡತ ಬರೆಯಲೂ ಜಾಗವಿರುವುದಿಲ್ಲ. ಒಳಗೆ ಬಿಟ್ಟ ಹಾಗೆ ಮಾಡಿ ಹೊರಗೆ ತಳ್ಳುತ್ತದೆ. ಪಾಸ್‌ವರ್ಡ್ ತಪ್ಪಾಗಿದ್ದರೆ ‘ತಪ್ಪು’ ಎಂದು ಹೇಳುತ್ತದೆ. ಏನೂ ಹೇಳದೆ ಮರಳಿದರೆ ಮೊದಲು ಸಂಶಯಪಡಬೇಕಾದದ್ದು ಜಾಗವನ್ನೇ. ಆಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆ ಬರುತ್ತದೆ, ಅಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಕೆಲಸ ಮಾಡಬಹುದು.

ಡಿಎಫ್ -ಎಚ್

ಬರುವ ಪಟ್ಟಿಯಲ್ಲಿ ‘ಲೂಪ್’ ಎಂಬ ಹೆಸರಿನ ಹಲವು ಸಾಲುಗಳು ಶೇಕಡ 100 ಎಂದು ತೋರಿಸಬಹುದು. ಗಾಬರಿ ಬೇಡ. ಅವು ಸ್ನ್ಯಾಪ್ ಎಂಬ ಇನ್ನೊಂದು ವ್ಯವಸ್ಥೆಯ ಪ್ಯಾಕೇಜುಗಳು. ಕಟ್ಟಿ ಮುಚ್ಚಿದ ಡಬ್ಬಿಗಳಾದ್ದರಿಂದ ಯಾವತ್ತೂ ಪೂರ್ತಿ ತುಂಬಿಯೇ ಇರುತ್ತವೆ. ನೋಡಬೇಕಾದ್ದು ಕೊನೆಯ ಕಾಲಮಿನಲ್ಲಿ ಬರೀ ಒಂದು ಓರೆಗೆರೆ ಇರುವ ಸಾಲು. ಅದು ಶೇಕಡ 95 ದಾಟಿದ್ದರೆ ಕೆಲಸ ಆರಂಭಿಸಿ. ಎಕ್ಸ್‌ಟಿ4 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಸಾಮಾನ್ಯವಾಗಿ ಶೇಕಡ 5ರಷ್ಟು ಜಾಗ ಯಜಮಾನನಿಗೇ ಮೀಸಲು. ಆದ್ದರಿಂದ ಪಟ್ಟಿಯ ಲೆಕ್ಕಕ್ಕೆ ಸ್ವಲ್ಪ ಉಳಿದಂತೆ ಕಂಡರೂ ಸಾಮಾನ್ಯ ಬಳಕೆದಾರನಿಗೆ ಬಾಗಿಲು ಮುಚ್ಚಿರುತ್ತದೆ.

ಇನ್ನು ಅಗ್ಗದ ಉಪಾಯ ಮೊದಲು. ಕಸದಬುಟ್ಟಿ ಖಾಲಿ ಮಾಡಿ, ಡೌನ್‌ಲೋಡ್ಸ್ ಫೋಲ್ಡರ್ ನೋಡಿ. ಪ್ಯಾಕೇಜಿನ ದೋಷ ಎಂದು ನನ್ನನ್ನು ಕರೆಸಿದ ಕಡೆ ಎಷ್ಟೋ ಸಲ ಸಿಕ್ಕಿದ್ದು ವಾರ್ಷಿಕೋತ್ಸವದ ವೀಡಿಯೋಗಳು, ಅದೂ ಒಂದೊಂದರ ಮೂರು ಮೂರು ಪ್ರತಿ. ಆಮೇಲೆ:

ಸುಡೋ ಆಪ್ಟ್ ಕ್ಲೀನ್

ಅಪ್‌ಡೇಟ್ ಮಾಡುವಾಗ ಇಳಿಸಿಕೊಂಡ ಕಟ್ಟುಗಳು /ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್ ಎಂಬಲ್ಲಿ ಉಳಿದಿರುತ್ತವೆ. ಅಡಿಕೆ ಮಾರಿಯಾದ ಮೇಲೆ ಉಳಿದ ಖಾಲಿ ಗೋಣಿಯ ಹಾಗೆ. ಕ್ಲೀನ್ ಅವನ್ನಷ್ಟೇ ತೆಗೆಯುತ್ತದೆ. ಸ್ಥಾಪಿಸಿದ ಯಾವುದೂ ಹೋಗುವುದಿಲ್ಲ. ಇದರಷ್ಟು ನಿರಪಾಯದ ಕಮಾಂಡು ಬೇರೆ ಇಲ್ಲ. ಸಾಲದಿದ್ದರೆ ಲಾಗ್ ಕಡತಗಳು:

ಸುಡೋ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ

ಇಲ್ಲಿ ಎಂ ಮಾತ್ರ ದೊಡ್ಡಕ್ಷರ. ಹಳೆಯ ದಿನಚರಿ ಅಳಿದು 200 ಎಂಬಿಯಷ್ಟು ಉಳಿಯುತ್ತದೆ. ಆದರೆ ಯಂತ್ರದಲ್ಲಿ ಬೇರೆ ದೋಷವೂ ಇದ್ದು ಅದರ ಸುಳಿವು ಬೇಕಾಗಿದ್ದರೆ ಇದನ್ನು ಈಗಲೇ ಮಾಡಬೇಡಿ.

ಸ್ನ್ಯಾಪ್ ಬಳಸುವ ಯಂತ್ರವಾದರೆ ‘ಸ್ನ್ಯಾಪ್ ಲಿಸ್ಟ್ --ಆಲ್’ ಹೊಡೆಯಿರಿ. ಹಿಂದಿನ ಆವೃತ್ತಿಯನ್ನೂ ಅದು ಎತ್ತಿಟ್ಟುಕೊಂಡಿರುತ್ತದೆ, ಹೊಸದು ಕೈಕೊಟ್ಟರೆ ಮರಳಲೆಂದು. ‘ಡಿಸೇಬಲ್ಡ್’ ಎಂದು ಬರೆದ ಸಾಲುಗಳನ್ನು ಹೆಸರು ಮತ್ತು ರಿವಿಷನ್ ಸಂಖ್ಯೆ ಹೇಳಿ ತೆಗೆಯಬಹುದು: ‘ಸುಡೋ ಸ್ನ್ಯಾಪ್ ರಿಮೂವ್’, ಹೆಸರು, ಆಮೇಲೆ ‘--ರಿವಿಷನ್=’ ಹಾಕಿ ಸಂಖ್ಯೆ. ಸಂಖ್ಯೆ ಬಿಟ್ಟರೆ ಇಡೀ ತಂತ್ರಾಂಶವೇ ಹೋಗುತ್ತದೆ, ಜೋಪಾನ. ಸ್ನ್ಯಾಪ್‌ನಂಥದ್ದೇ ಆದ ಫ್ಲ್ಯಾಟ್‌ಪ್ಯಾಕ್ ಇದ್ದರೆ ‘ಫ್ಲ್ಯಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್ --ಅನ್‌ಯೂಸ್ಡ್’.

ಇಷ್ಟೂ ಸಾಲದಿದ್ದರೆ ಮಾತ್ರ ಆಟೋರಿಮೂವ್, ಅದೂ ಒಣ ಪರೀಕ್ಷೆಯ ಪಟ್ಟಿ ಓದಿದ ಮೇಲೆ.

ಲಕ್ಷಣ: ‘ಬೀಗ ಸಿಗಲಿಲ್ಲ’ ಎಂದು ಆಪ್ಟ್ ನಿಲ್ಲುವುದು

‘ಲಾಕ್-ಫ್ರಂಟ್‌ಎಂಡ್’ ಎಂಬ ಪದ ಸಂದೇಶದಲ್ಲಿ ಕಂಡರೆ ಅದು ದೋಷವೇ ಅಲ್ಲ. ಹಿಂದಿನಿಂದ ಇನ್ನೊಂದು ಅಪ್‌ಡೇಟ್ ಓಡುತ್ತಿದೆ ಎಂದಷ್ಟೇ ಅರ್ಥ. ಯಾವ ಪ್ರೋಗ್ರಾಂ ಬೀಗ ಹಿಡಿದಿದೆ ಎಂದೂ ಈಗಿನ ಆಪ್ಟ್ ಬರೆಯುತ್ತದೆ. ಯಂತ್ರ ಹಚ್ಚಿದ ಕೂಡಲೇ ಹೀಗಾದರೆ ಕಾಲು ಗಂಟೆ ಕಾಯಿರಿ, ಚಾ ಕುಡಿದು ಬನ್ನಿ.

ಬೀಗದ ಕಡತವನ್ನೇ ಅಳಿಸಿಬಿಡಿ ಎಂದು ಸಲಹೆ ಕೊಡುವವರು ಬಹಳ. ಕೇಳಬೇಡಿ. ಆ ಕಡತ ಇರುವುದು ಬೀಗವಲ್ಲ, ಓಡುತ್ತಿರುವ ಪ್ರೋಗ್ರಾಂ ಅದನ್ನು ಹಿಡಿದಿರುವುದು ಬೀಗ. ಅಳಿಸಿದರೆ ಎರಡು ಕೈ ಒಂದೇ ಪಾತ್ರೆಗೆ ಬಿದ್ದು ಪ್ಯಾಕೇಜ್ ದಾಖಲೆ ಕಲಸಿಹೋಗುತ್ತದೆ. ಗಂಟೆ ಕಳೆದರೂ ಬಿಡದಿದ್ದರೆ ಯಂತ್ರವನ್ನು ಕ್ರಮವಾಗಿ ರೀಸ್ಟಾರ್ಟ್ ಮಾಡಿ, ನಂತರ ಹೀಗೆ ಹೊಡೆಯಿರಿ:

ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ

ಕರೆಂಟು ಹೋಗಿ ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸಿ ಮುಗಿಸುವ ಕಮಾಂಡು ಇದು.

ಲಕ್ಷಣ: ತೆಗೆದಾಯಿತು, ಆದರೂ ಪಟ್ಟಿಯಲ್ಲಿ ಹೆಸರು ಉಳಿದಿದೆ

‘ಡಿಪಿಕೆಜಿ -ಎಲ್’ ಪಟ್ಟಿಯ ಮೊದಲ ಎರಡಕ್ಷರ ನೋಡಿ. ‘ಐಐ’ ಎಂದರೆ ಸ್ಥಾಪಿಸಿದೆ, ಆರೋಗ್ಯವಾಗಿದೆ. ‘ಆರ್‌ಸಿ’ ಎಂದರೆ ತಂತ್ರಾಂಶ ಹೋಗಿದೆ, ಅದರ ಸಂರಚನೆಯ ಕಡತ ಮಾತ್ರ ಉಳಿದಿದೆ. ರಿಮೂವ್ ಮಾಡಿದರೆ ಹೀಗೆ ಉಳಿಯುವುದೇ ಪದ್ಧತಿ. ಪರ್ಜ್ ಮಾಡಿದರೆ ಅದೂ ಹೋಗುತ್ತದೆ. ಇವು ಕೆಲವು ಕೆಬಿ ಮಾತ್ರ, ಜಾಗದ ಆಸೆಗೆ ಇವುಗಳ ಹಿಂದೆ ಬೀಳುವುದು ವ್ಯರ್ಥ. ಪ್ರಿಂಟರಿನ ಸೆಟ್ಟಿಂಗು ಮುಂದೆ ಬೇಕಾದೀತು ಎಂದಿದ್ದರೆ ಬಿಟ್ಟುಬಿಡಿ. ಎರಡಕ್ಷರದಲ್ಲಿ ‘ಐಯು’ ಅಥವಾ ‘ಐಎಫ್’ ಕಂಡರೆ ಮಾತ್ರ ಅದು ಅರ್ಧಕ್ಕೆ ನಿಂತ ಸ್ಥಾಪನೆ. ಮೇಲಿನ ಕಾನ್ಫಿಗರ್ ಕಮಾಂಡು ಅದಕ್ಕೆ.

ಲಕ್ಷಣ: ಪ್ರತಿ ಅಪ್‌ಡೇಟೂ ಕರ್ನೆಲ್ ಹತ್ತಿರ ಬಂದು ‘ಜಾಗವಿಲ್ಲ’ ಎಂದು ಬೀಳುತ್ತದೆ, ಡಿಸ್ಕಿನಲ್ಲಿ ಜಾಗ ಬೇಕಷ್ಟು ಇದೆ

‘ಡಿಎಫ್ -ಎಚ್’ ಪಟ್ಟಿಯಲ್ಲಿ /ಬೂಟ್ ಎಂಬ ಪ್ರತ್ಯೇಕ ಸಾಲು ಉಂಟೋ ನೋಡಿ. ಎಲ್ಲ ಯಂತ್ರದಲ್ಲಿ ಇರುವುದಿಲ್ಲ. ಡಿಸ್ಕನ್ನು ಗೂಢಲಿಪಿಯಲ್ಲಿ ಮುಚ್ಚಿ ಸ್ಥಾಪಿಸಿದ ಕಡೆ ಇರುವುದು ಹೆಚ್ಚು. /ಬೂಟ್/ಇಎಫ್‌ಐ ಎಂಬುದು ಬೇರೆಯೇ. ಅಲ್ಲಿ ಕೈ ಹಾಕಲೇಬೇಡಿ.

/ಬೂಟ್ ಸಣ್ಣ ಕೋಣೆ, ವ್ಯವಸ್ಥೆಯ ತಿರುಳಾದ ಕರ್ನೆಲ್ ಇರುವುದು ಅಲ್ಲಿ. ಪ್ರತಿ ಹೊಸ ಕರ್ನೆಲ್ ಬಂದಾಗಲೂ ಅದರ ಜೊತೆ ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ದೊಡ್ಡ ಕಡತ ತಯಾರಾಗುತ್ತದೆ, ಅದೊಂದೇ 100 ಎಂಬಿ ದಾಟುವುದುಂಟು. ನಾಲ್ಕೈದು ಕರ್ನೆಲ್ ಸೇರಿದರೆ ಸಣ್ಣ ಕೋಣೆ ತುಂಬಿತು. ಆಟೋರಿಮೂವ್ ಹಳೆಯ ಕರ್ನೆಲ್‌ಗಳನ್ನು ತೆಗೆಯಬೇಕಾದದ್ದೇ. ಈಗ ಓಡುತ್ತಿರುವುದನ್ನೂ ಹೊಸದನ್ನೂ ಅದು ಕಾಯ್ದುಕೊಳ್ಳುತ್ತದೆ. ಹಾಗಾದರೆ ಏಕೆ ಉಳಿದವು? ಯಾರೋ ಒಮ್ಮೆ ಆ ಕರ್ನೆಲನ್ನು ಹೆಸರು ಹಿಡಿದು ಕರೆಸಿದ್ದರೆ ಅದು ಕಾಗದ ಕೊಟ್ಟು ಕರೆದ ಅತಿಥಿಯಾಗಿಬಿಟ್ಟಿದೆ. ತಾನಾಗಿ ಏಳುವುದಿಲ್ಲ.

ಮೊದಲು ಈಗ ಓಡುತ್ತಿರುವ ಕರ್ನೆಲ್ ಯಾವುದೆಂದು ಕಾಗದದಲ್ಲಿ ಬರೆದುಕೊಳ್ಳಿ. ಮೊಬೈಲಿನಲ್ಲಿ ಫೋಟೋ ಆದರೂ ಸರಿ.

ಯುನೇಮ್ -ಆರ್

5.15.0-91-ಜೆನೆರಿಕ್ ಎಂಬಂಥ ಉತ್ತರ ಬರುತ್ತದೆ. ಇದನ್ನು ತೆಗೆಯುವಂತಿಲ್ಲ. ಇದರ ಜೊತೆಗೆ, ಸರಿಯಾಗಿ ಓಡುತ್ತಿತ್ತು ಎಂದು ಗೊತ್ತಿರುವ ಇನ್ನೊಂದನ್ನೂ ಉಳಿಸಿ. ಹೊಸ ಕರ್ನೆಲ್‌ನಲ್ಲಿ ವೈಫೈ ಕಾಣದೆ ಹೋದ ದಿನ ಅದು ಬೇಕಾಗುತ್ತದೆ. ಉಳಿದವುಗಳ ಪಟ್ಟಿ:

ಡಿಪಿಕೆಜಿ -ಎಲ್ 'ಲಿನಕ್ಸ್-ಇಮೇಜ್-*'

‘ಐಐ’ ಇರುವ ಸಾಲುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಸಂಖ್ಯೆಯಿಲ್ಲದ ‘ಲಿನಕ್ಸ್-ಇಮೇಜ್-ಜೆನೆರಿಕ್’ ಎಂಬ ಸಾಲೂ ಇರುತ್ತದೆ. ಅದು ಕರ್ನೆಲ್ ಅಲ್ಲ, ಹೊಸ ಕರ್ನೆಲ್‌ಗಳನ್ನು ಕರೆತರುವ ದಲ್ಲಾಳಿ. ಅದನ್ನು ಕಳಿಸಿದರೆ ಇಂದು ಏನೂ ಆಗದು. ಆದರೆ ಇನ್ನು ಮುಂದೆ ಕರ್ನೆಲ್‌ನ ಭದ್ರತಾ ತಿದ್ದುಪಡಿಗಳೇ ಬಾರವು, ನಿಮಗೆ ಗೊತ್ತೂ ಆಗುವುದಿಲ್ಲ.

ಕೋಣೆ ಪೂರ್ತಿ ತುಂಬಿದ್ದರೆ ಆಪ್ಟ್ ಏನೂ ಮಾಡಲು ಒಪ್ಪುವುದಿಲ್ಲ. ಅರ್ಧಕ್ಕೆ ನಿಂತ ಕರ್ನೆಲನ್ನು ಮೊದಲು ಮುಗಿಸು ಎನ್ನುತ್ತದೆ, ಮುಗಿಸಲು ಜಾಗವಿಲ್ಲ. ಈ ಸುಳಿಯಿಂದ ಹೊರಬರಲು ಕೆಳಗಿನ ಮಟ್ಟದ ಡಿಪಿಕೆಜಿಯನ್ನೇ ಹಿಡಿಯಬೇಕು. ಎಲ್ಲಕ್ಕಿಂತ ಹಳೆಯ ಒಂದು ಸಂಖ್ಯೆಯನ್ನು ಆರಿಸಿ, ‘ಸುಡೋ ಡಿಪಿಕೆಜಿ --ಪರ್ಜ್’ ಎಂದು ಬರೆದು, ಆ ಸಂಖ್ಯೆಯ ‘ಲಿನಕ್ಸ್-ಇಮೇಜ್’ ಮತ್ತು ‘ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ’ ಎರಡರ ಪೂರ್ತಿ ಹೆಸರನ್ನೂ ಒಂದೇ ಸಾಲಿನಲ್ಲಿ ಕೊಡಿ. ಇಮೇಜ್ ಒಂದನ್ನೇ ಕೊಟ್ಟರೆ ಇನ್ನೊಂದು ತಡೆಯುತ್ತದೆ. ಒಂದು ಕರ್ನೆಲ್ ಹೋದರೆ ಉಸಿರಾಡಲು ಜಾಗವಾಗುತ್ತದೆ. ಆಮೇಲೆ ‘ಸುಡೋ ಆಪ್ಟ್ -ಎಫ್ ಇನ್‌ಸ್ಟಾಲ್’, ಅದು ಸರಿಹೋದರೆ ‘ಸುಡೋ ಆಪ್ಟ್ ಆಟೋರಿಮೂವ್ --ಪರ್ಜ್’.

/ಬೂಟ್ ಒಳಗೆ ಹೋಗಿ ಕಡತಗಳನ್ನು ಕೈಯಿಂದ ಅಳಿಸುವುದು ಕೆಲಸ ಮಾಡಿದಂತೆ ಕಾಣುತ್ತದೆ. ಪ್ಯಾಕೇಜ್ ದಾಖಲೆಗೆ ಅದು ತಿಳಿಯುವುದಿಲ್ಲ, ಬೂಟ್ ಮೆನುವಿನಲ್ಲಿ ಸತ್ತವರ ಹೆಸರು ಉಳಿಯುತ್ತದೆ. ನಾನೂ ಒಮ್ಮೆ ಮಾಡಿದ್ದೇನೆ. ಆ ಯಂತ್ರವನ್ನು ಎಬ್ಬಿಸಲು ಒಂದು ಭಾನುವಾರ ಹೋಯಿತು.

ಲಕ್ಷಣ: ಜಾಗವೂ ಇದೆ, /ಬೂಟೂ ಖಾಲಿ, ಆದರೂ ‘ಜಾಗವಿಲ್ಲ’

ಅಪರೂಪ, ಆದರೆ ಸಿಕ್ಕಿದರೆ ತಲೆ ಕೆಡಿಸುತ್ತದೆ. ‘ಡಿಎಫ್ -ಐ’ ಹೊಡೆದು ಶೇಕಡಾ ಕಾಲಂ ನೋಡಿ. ಡಿಸ್ಕಿನಲ್ಲಿ ಜಾಗದ ಜೊತೆ ಐನೋಡ್ ಎಂಬ ಇನ್ನೊಂದು ಲೆಕ್ಕ ಉಂಟು, ಕಡತಕ್ಕೊಂದರಂತೆ. ಎಕ್ಸ್‌ಟಿ4ನಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡಿದ ದಿನವೇ ಇವುಗಳ ಸಂಖ್ಯೆ ನಿಗದಿ. ಗೋಡೌನಿನಲ್ಲಿ ಜಾಗವಿದ್ದರೂ ರಿಜಿಸ್ಟರಿನ ಹಾಳೆ ಮುಗಿದರೆ ಹೊಸ ಮಾಲು ಬರೆಯಲಾಗದ ಹಾಗೆ.

ಹಾಳೆ ಮುಗಿಸುವುದು ದೊಡ್ಡ ಕಡತಗಳಲ್ಲ, ಸಣ್ಣವು. ಹಳೆಯ ‘ಲಿನಕ್ಸ್-ಹೆಡರ್ಸ್’ ಪ್ಯಾಕೇಜುಗಳಲ್ಲಿ ಒಂದೊಂದಕ್ಕೆ ಸಾವಿರಾರು ಪುಟ್ಟ ಕಡತ. ಬೇರು ಡಿಸ್ಕು ಸಣ್ಣದಿದ್ದು ವರ್ಷಗಟ್ಟಲೆ ಹೆಡರ್ಸ್ ಸೇರಿದ್ದರೆ ಇವೇ ಕಾರಣ. ಕರ್ನೆಲ್‌ಗೆ ಹೇಳಿದ ಕ್ರಮವನ್ನೇ ಹೆಡರ್ಸ್‌ಗೂ ಅನುಸರಿಸಿ. ಕೊನೆಗೆ ‘ಜೆನೆರಿಕ್’ ಇರುವ ಹೆಸರು, ಇಲ್ಲದಿರುವ ಹೆಸರು ಎರಡನ್ನೂ ಒಟ್ಟಿಗೆ ಕೊಡಿ.

ಲಕ್ಷಣ: ಕನ್ನಡ ಮಾತ್ರ ಡಬ್ಬಿ ಡಬ್ಬಿ

ಟೀಚರ ಯಂತ್ರಕ್ಕೆ ಬರೋಣ. ಮೊದಲು ಡಬ್ಬಿ ಎಂಥದ್ದು ಎಂದು ನೋಡಬೇಕು. ಎಲ್ಲ ಕಡೆಯೂ ಚೌಕ ಚೌಕ ಕಂಡರೆ ಫಾಂಟ್ ಇಲ್ಲ. ಒಂದು ಕಡತದಲ್ಲಿ ಮಾತ್ರ ಕನ್ನಡದ ಬದಲು ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರಗಳು ಕಂಡರೆ ಅದು ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ತಂತ್ರಾಂಶಗಳ ಕಾಲದ ಕಡತ; ಪ್ಯಾಕೇಜಿಗೂ ಅದಕ್ಕೂ ಸಂಬಂಧವಿಲ್ಲ, ಪರಿವರ್ತಕ ಬೇಕು. ಓದಲು ಬರುತ್ತದೆ, ಟೈಪ್ ಮಾಡಲು ಮಾತ್ರ ಬಾರದು ಎಂದಾದರೆ ಹೋಗಿರುವುದು ಫಾಂಟಲ್ಲ, ‘ಐಬಸ್-ಎಂ17ಎನ್’ ಎಂಬ ಪ್ಯಾಕೇಜ್. ಕೀಲಿಮಣೆಯ ಕನ್ನಡ ವಿನ್ಯಾಸಗಳನ್ನು ಕೊಡುವುದು ಅದು.

ಫಾಂಟ್ ಉಂಟೋ ಇಲ್ಲವೋ ಎಂದು ಖಚಿತ ಮಾಡಿಕೊಳ್ಳಲು:

ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್

ಆ ಯಂತ್ರದಲ್ಲಿ ಒಂದೇ ಒಂದು ಸಾಲೂ ಬರಲಿಲ್ಲ. ಯಾರು ತೆಗೆದರು? ಹುಡುಗರು ಆಣೆ ಮಾಡಿ ಹೇಳಿದರು, ಕನ್ನಡದ್ದನ್ನು ನಾವು ಮುಟ್ಟಲೇ ಇಲ್ಲ ಸಾರ್ ಎಂದು. ಅವರು ಹೇಳಿದ್ದು ನಿಜ. ಆಪ್ಟ್ ತಾನು ಮಾಡಿದ್ದನ್ನೆಲ್ಲ ದಿನಾಂಕ, ಹೊತ್ತು, ಕೊಟ್ಟ ಕಮಾಂಡಿನ ಸಮೇತ ಬರೆದಿಡುತ್ತದೆ:

ಲೆಸ್ /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್

ಅಲ್ಲಿ ಕಥೆ ಪೂರ್ತಿ ಇತ್ತು. ಬಂಗಾಳಿ, ಗುಜರಾತಿ ಫಾಂಟು ನಮಗೇಕೆ ಎಂದು ಅವರು ಅವೆರಡನ್ನು ತೆಗೆದಿದ್ದರು. ಕಾಸರಗೋಡಿನ ಶಾಲೆಯಲ್ಲಿ ಅದು ಅನ್ಯಾಯದ ಯೋಚನೆ ಏನಲ್ಲ. ಆದರೆ ಭಾರತದ ಲಿಪಿಗಳ ಫಾಂಟುಗಳನ್ನೆಲ್ಲ ‘ಫಾಂಟ್ಸ್-ಇಂಡಿಕ್’ ಎಂಬ ಒಂದು ಪ್ಯಾಕೇಜು ಕಟ್ಟಿ ಹಿಡಿದಿರುತ್ತದೆ. ಅದರೊಳಗೆ ಸ್ವಂತ ಫಾಂಟ್ ಒಂದೂ ಇಲ್ಲ. ಇಂಥಿಂಥವರು ಬೇಕು ಎಂಬ ಪಟ್ಟಿ ಮಾತ್ರ. ಪಟ್ಟಿಯಲ್ಲಿ ಒಬ್ಬರು ಕಡಿಮೆಯಾದರೂ ಅದು ನಿಲ್ಲಲಾರದು. ಬಂಗಾಳಿ ಹೋದಾಗಲೇ ಫಾಂಟ್ಸ್-ಇಂಡಿಕ್ ಎದ್ದು ಹೋಯಿತು. ಕನ್ನಡದ ಫಾಂಟು ಬಂದಿದ್ದು ಅದರ ದಿಬ್ಬಣದಲ್ಲಿ. ಎರಡು ದಿನ ಬಿಟ್ಟು ಜಾಗಕ್ಕಾಗಿ ಆಟೋರಿಮೂವ್ ಒತ್ತಿದರು, ಪಟ್ಟಿ ಓದದೆ ‘ವೈ’ ಹೊಡೆದರು. ಗುಬ್ಬಿ, ನವಿಲು ಎರಡೂ ಹಾರಿಹೋದವು. ಆ ಹೆಸರಿನ ಕನ್ನಡ ಫಾಂಟುಗಳೇ ಇವೆ, ನನ್ನ ಅಲಂಕಾರವಲ್ಲ.

ಮಲಯಾಳ ಏಕೆ ಉಳಿಯಿತು? ಆ ಯಂತ್ರದಲ್ಲಿ ‘ಫಾಂಟ್ಸ್-ಎಸ್‌ಎಂಸಿ’ಯನ್ನು ಯಾರೋ ಹೆಸರು ಹಿಡಿದು ಹಾಕಿದ್ದರು. ಕನ್ನಡವನ್ನು ಹಾಗೆ ಯಾರೂ ಕರೆದಿರಲಿಲ್ಲ. ಇದರಲ್ಲಿ ರಾಜಕೀಯ ಹುಡುಕುವವರಿಗೆ ಹುಡುಕಲು ಬಿಡೋಣ, ಪರಿಹಾರ ಒಂದೇ ಸಾಲು:

ಸುಡೋ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ

ಕೊನೆಯ ನಾಲ್ಕು ಅಕ್ಷರ ಕೆ, ಎನ್, ಡಿ, ಎ. ಹೀಗೆ ಹೆಸರು ಹಿಡಿದು ಹಾಕಿದ್ದರಿಂದ ಇನ್ನು ಅದು ಕರೆದ ಅತಿಥಿ, ಆಟೋರಿಮೂವ್ ಮುಟ್ಟದು. ಫಾಂಟ್ ಇನ್ನೂ ಹೋಗದ ಯಂತ್ರಗಳಲ್ಲಿ ಮುಂಚಿತವಾಗಿಯೇ ‘ಸುಡೋ ಆಪ್ಟ್-ಮಾರ್ಕ್ ಮ್ಯಾನ್ಯುಯಲ್ ಫಾಂಟ್ಸ್-ಕೆಎನ್‌ಡಿಎ ಐಬಸ್-ಎಂ17ಎನ್’ ಎಂದು ಗುರುತು ಹಾಕಿಟ್ಟರೆ ಈ ಪಂಚಾಯತಿಕೆಯೇ ಬೇಡ. ನಾನು ಈಗ ಗಡಿ ಭಾಗದ ಯಾವ ಕಂಪ್ಯೂಟರ್ ಮುಟ್ಟಿದರೂ ಮೊದಲು ಮಾಡುವ ಕೆಲಸ ಇದು.

ಆ ದಿನ ಶಾಲೆಯಲ್ಲಿ ನೆಟ್ ಇರಲಿಲ್ಲ. ಫಾಂಟಿನ ಪ್ಯಾಕೇಜು ಯಾವ ಪ್ರೊಸೆಸರಿಗೂ ಆಗುವಂಥದ್ದು, ಗಾತ್ರವೂ ಸಣ್ಣದು. ಮನೆಯ ಯಂತ್ರದಲ್ಲಿ ‘ಆಪ್ಟ್ ಡೌನ್‌ಲೋಡ್ ಫಾಂಟ್ಸ್-ಗುಬ್ಬಿ’ ಎಂದು ಇಳಿಸಿ, ಪೆನ್‌ಡ್ರೈವಿನಲ್ಲಿ ಒಯ್ದು, ಅಲ್ಲಿ ‘ಸುಡೋ ಡಿಪಿಕೆಜಿ -ಐ’ ಎಂದು ಬರೆದು ಕಡತದ ಹೆಸರು ಕೊಟ್ಟೆ. ಬ್ರೌಸರ್ ಮುಚ್ಚಿ ತೆರೆದಾಗ ಅಕ್ಷರ ಬಂತು.

ಲಕ್ಷಣ: ಅಪ್‌ಡೇಟ್ ಮಾಡಿದರೆ ‘ರಿಲೀಸ್ ಕಡತ ಇಲ್ಲ’, ಅಥವಾ ‘ಬಳಕೆತಪ್ಪಿದ್ದು’ ಎಂಬ ಉದ್ದ ಪಟ್ಟಿ

‘ಎಲ್‌ಎಸ್‌ಬಿ_ರಿಲೀಸ್ -ಎ’ ಹೊಡೆದು ಆವೃತ್ತಿ ನೋಡಿ. ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿಗೆ ಉಚಿತ ತಿದ್ದುಪಡಿ 5 ವರ್ಷ, 18.04ರದು 2023ರ ಮೇ ತಿಂಗಳಲ್ಲಿ, 20.04ರದು 2025ರ ಮೇ ತಿಂಗಳಲ್ಲಿ ಮುಗಿಯಿತು. ನಡುವಿನ ಆವೃತ್ತಿಗಳಿಗೆ 9 ತಿಂಗಳಷ್ಟೇ, ಆಮೇಲೆ ಅವುಗಳ ಪ್ಯಾಕೇಜುಗಳನ್ನು ‘ಓಲ್ಡ್-ರಿಲೀಸಸ್’ ಎಂಬ ಬೇರೆ ಸರ್ವರಿಗೆ ಸಾಗಿಸುತ್ತಾರೆ. ಹಳೆಯ ವಿಳಾಸದಲ್ಲಿ ಬಾಗಿಲು ತಟ್ಟಿದರೆ ಯಾರೂ ಇಲ್ಲ. ಹೀಗಾದಾಗ ಹಳೆಯದು ಒಂದೆರಡು ಪ್ಯಾಕೇಜಲ್ಲ, ಇಡೀ ವ್ಯವಸ್ಥೆ. ಒಂದೊಂದೇ ಹೆಕ್ಕಿ ತೆಗೆದು ಪ್ರಯೋಜನವಿಲ್ಲ, ಬ್ಯಾಕಪ್ ಮಾಡಿ ಹೊಸದಕ್ಕೆ ಹೋಗಿ.

ಆವೃತ್ತಿ ಸರಿಯಿದ್ದು ಒಂದು ಸಾಲು ಮಾತ್ರ ದೂರು ಹೇಳಿದರೆ, ಹಿಂದೆಂದೋ ಸೇರಿಸಿದ ಪಿಪಿಎ (ಹೊರಗಿನವರ ಪ್ಯಾಕೇಜ್ ಭಂಡಾರ) ಯಾರೂ ನಡೆಸದೆ ನಿಂತಿದೆ ಎಂದರ್ಥ. ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್ ಕಿಟಕಿಯಲ್ಲಿ ಅದರ ಗುರುತು ತೆಗೆದರೆ ಸಾಕು.

ಇನ್ನು ‘ಆಪ್ಟ್ ಲಿಸ್ಟ್ '~ಓ'’ ಎಂಬ ಕಮಾಂಡು ಬಳಕೆತಪ್ಪಿದವುಗಳ ಪಟ್ಟಿ ಕೊಡುತ್ತದೆ ಎಂದು ಓದಿ ಎಲ್ಲವನ್ನೂ ಅಳಿಸಿದವರಿದ್ದಾರೆ. ಆ ಪಟ್ಟಿ ನಿಜವಾಗಿ ಹೇಳುವುದು ಇಷ್ಟೇ: ಈಗ ಗೊತ್ತಿರುವ ಯಾವ ಭಂಡಾರದಲ್ಲೂ ಈ ಪ್ಯಾಕೇಜು ಇಲ್ಲ. ಸಿನಾಪ್ಟಿಕ್ ಎಂಬ ಪ್ಯಾಕೇಜ್ ನೋಡುವ ತಂತ್ರಾಂಶ ಇದೇ ಪಟ್ಟಿಯನ್ನು ‘ಸ್ಥಳೀಯ ಅಥವಾ ಬಳಕೆತಪ್ಪಿದ’ ಎಂದು ಕರೆಯುತ್ತದೆ, ಅದು ಹೆಚ್ಚು ಪ್ರಾಮಾಣಿಕ ಹೆಸರು. ಪ್ರಿಂಟರ್ ಕಂಪೆನಿಯಿಂದ ಇಳಿಸಿದ ಡ್ರೈವರು, ಡಿಜಿಟಲ್ ಸಹಿಯ ಟೋಕನ್ ಓದುವ ತಂತ್ರಾಂಶ, ಶಾಲೆಗೆಂದೇ ಕೊಟ್ಟ ಪ್ಯಾಕೇಜು, ಎಲ್ಲವೂ ಅದರಲ್ಲಿ ಇರಬಹುದು. ತೆಗೆದರೆ ಭಂಡಾರದಿಂದ ಮರಳಿ ತರಲೂ ಆಗುವುದಿಲ್ಲ. ಪ್ರತಿಯೊಂದರ ಬಗ್ಗೆಯೂ ‘ಆಪ್ಟ್ ಶೋ’ ಎಂದು ಕೇಳಿ, ಏನೆಂದು ತಿಳಿದ ಮೇಲೆ ಮುಂದುವರಿಯಿರಿ.

ಲಕ್ಷಣ: ತೆಗೆದ ಮೇಲೆ ಡೆಸ್ಕ್‌ಟಾಪೇ ಇಲ್ಲ, ಕಪ್ಪು ಪರದೆ ಮಾತ್ರ

ಎಷ್ಟೋ ಸಲ ಇದರ ಹಿಂದೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜ್ ಇರುತ್ತದೆ. ಪೈಥಾನ್ 2ರ ಆಯುಸ್ಸು 2020ರ ಜನವರಿ 1ಕ್ಕೆ ಮುಗಿದದ್ದು ಹೌದು. ಅದನ್ನು ತೆಗೆಯಹೋಗಿ, ಅಥವಾ ಹೊಸ ಪೈಥಾನ್ ಹಾಕಿದೆನಲ್ಲ, ಹಳೆಯ ಪೈಥಾನ್ 3 ಏಕೆ ಎಂದು ಅದಕ್ಕೇ ಕೈಯಿಟ್ಟರೆ ಮನೆಯ ತೊಲೆಯನ್ನೇ ಎಳೆದಂತೆ. ಉಬುಂಟುವಿನ ಡೆಸ್ಕ್‌ಟಾಪಿನ ಹಲವು ಭಾಗಗಳು ವ್ಯವಸ್ಥೆಯ ಪೈಥಾನ್ 3ರ ಮೇಲೆ ನಿಂತಿವೆ, ಎಲ್ಲವೂ ಒಟ್ಟಿಗೆ ಹೋಗುತ್ತವೆ. ಕಮಾಂಡಿನಲ್ಲಿ ನಕ್ಷತ್ರ ಚಿಹ್ನೆ ಹಾಕಿ ತೆಗೆಯುವುದು ಇನ್ನೊಂದು ದಾರಿ. ಎರಡು ಹೋಗಲಿ ಎಂದು ಬರೆದದ್ದಕ್ಕೆ ಇನ್ನೂರು ಹೋಗುತ್ತವೆ.

ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಒಳಗೆ ಹೋಗಿ. ವೈಫೈ ಇರಲಿಕ್ಕಿಲ್ಲ, ಲ್ಯಾನ್ ಕೇಬಲ್ ಸಿಕ್ಕಿಸಿ. ಹಿಸ್ಟರಿ.ಲಾಗ್‌ನ ಕೊನೆಯ ಭಾಗದಲ್ಲಿ ‘ರಿಮೂವ್’ ಎಂಬ ಸಾಲಿನಲ್ಲಿ ಹೋದವರ ಹೆಸರೆಲ್ಲ ಇದೆ. ಮೊದಲು:

ಸುಡೋ ಆಪ್ಟ್ ಇನ್‌ಸ್ಟಾಲ್ ಉಬುಂಟು-ಡೆಸ್ಕ್‌ಟಾಪ್

ಇದು ಹೆಚ್ಚಿನದನ್ನು ಮರಳಿ ತರುತ್ತದೆ, ಉಳಿದದ್ದನ್ನು ಲಾಗ್ ನೋಡಿ ಹೆಸರು ಹಿಡಿದು ಹಾಕಿ. ಯಂತ್ರ ಅಲ್ಲಿಗೂ ಬಾರದಿದ್ದರೆ, ಹಚ್ಚುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ ಗ್ರಬ್ ಮೆನು ತೆರೆದು, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ರಿಕವರಿ ಮೋಡ್ ಆರಿಸಿ. ಅಲ್ಲಿ ‘ಕ್ಲೀನ್’ ಎಂಬುದು ಜಾಗ ಬಿಡಿಸುತ್ತದೆ, ‘ಡಿಪಿಕೆಜಿ’ ಎಂಬುದು ಮುರಿದ ಪ್ಯಾಕೇಜು ಜೋಡಿಸಲು ನೋಡುತ್ತದೆ. ನೆಟ್‌ವರ್ಕ್ ಎದ್ದೇಳದಿದ್ದರೆ ಅಲ್ಲಿಗೆ ನಿಲ್ಲಿಸಿ. ಲೈವ್ ಯುಎಸ್‌ಬಿಯಿಂದ (ಸ್ಥಾಪಿಸದೆಯೇ ಓಡುವ ಲಿನಕ್ಸ್ ಇರುವ ಪೆನ್‌ಡ್ರೈವ್) ಯಂತ್ರ ಹಚ್ಚಿ ಕಡತಗಳನ್ನು ಎತ್ತಿಕೊಂಡು ಹೊಸದಾಗಿ ಸ್ಥಾಪಿಸುವುದು ಬೇಗ ಆಗುತ್ತದೆ.

ಎಲ್ಲಿ ಕೈ ತೆಗೆಯಬೇಕು

ಆಪ್ಟ್ ಎಂದಾದರೂ ವೈ ಎಂಬ ಒಂದಕ್ಷರದ ಬದಲು ‘ಯೆಸ್, ಡೂ ಆ್ಯಸ್ ಐ ಸೇ’ ಎಂಬ ಇಡೀ ವಾಕ್ಯ ಟೈಪ್ ಮಾಡಿ ಎಂದು ಕೇಳಿದರೆ ಟರ್ಮಿನಲ್ ಮುಚ್ಚಿ. ವ್ಯವಸ್ಥೆಗೆ ಅತ್ಯಗತ್ಯವಾದದ್ದನ್ನು ತೆಗೆಯಹೊರಟಿದ್ದೀರಿ ಎಂದು ಅದು ಕೈ ಹಿಡಿದು ಹೇಳುತ್ತಿದೆ.

‘ರೀಡ್-ಓನ್ಲಿ ಫೈಲ್ ಸಿಸ್ಟಂ’ ಅಥವಾ ‘ಇನ್‌ಪುಟ್/ಔಟ್‌ಪುಟ್ ಎರರ್’ ಎಂಬ ಸಂದೇಶ ಬಂದರೆ ಅದು ಪ್ಯಾಕೇಜಿನ ವಿಷಯವಲ್ಲ, ಡಿಸ್ಕು ಸಾಯುತ್ತಿರಬಹುದು. ಇನ್ನೊಂದು ಕಮಾಂಡು ಬೇಡ. ಬ್ಯಾಕಪ್ ಆಗಿಲ್ಲದಿದ್ದರೆ ಯಂತ್ರ ಆರಿಸಿ, ಬಲ್ಲವರ ಹತ್ತಿರ ಒಯ್ಯಿರಿ.

ಶಾಲೆಯ ಯಂತ್ರವಾದರೆ ಕರ್ನೆಲ್, ಪೈಥಾನ್, ಆವೃತ್ತಿ ಬದಲಾವಣೆ ಈ ಮೂರನ್ನೂ ಸ್ವಂತಕ್ಕೆ ಮಾಡಬೇಡಿ. ಶಾಲೆಯ ಐಟಿ ನೋಡಿಕೊಳ್ಳುವ ಎಸ್‌ಐಟಿಸಿ ಮಾಷ್ಟ್ರಿಗೋ ಟೀಚರಿಗೋ ಹೇಳಿ, ಅವರಿಂದಾಗದಿದ್ದರೆ ಶಾಲೆಗಳ ಐಟಿ ನೋಡುವ ಕೇರಳ ಸರಕಾರದ ಸಂಸ್ಥೆ ಕೈಟ್‌ನ ಮಾಸ್ಟರ್ ಟ್ರೈನರ್ ಇದ್ದಾರೆ. ಹೋಗುವಾಗ ‘ಯಂತ್ರ ಕೆಟ್ಟಿದೆ’ ಎಂಬ ಮಾತಿನ ಬದಲು ನಾಲ್ಕು ಫೋಟೋ ಒಯ್ಯಿರಿ: ತಪ್ಪಿನ ಸಂದೇಶ ಪೂರ್ತಿ ಕಾಣುವಂತೆ, ‘ಡಿಎಫ್ -ಎಚ್’ ಪಟ್ಟಿ, ‘ಯುನೇಮ್ -ಆರ್’ ಉತ್ತರ, ಹಿಸ್ಟರಿ.ಲಾಗ್‌ನ ಕೊನೆಯ ಪುಟ. ನೋಡಿದವರು ಅರ್ಧ ಉತ್ತರ ಫೋನಿನಲ್ಲೇ ಹೇಳಿಯಾರು.